ಕಂದು

ತಿಂಗಳು ತುಂಬುವ ಮೊದಲೇ ಆಡು
ಮರಿಯನ್ನು ನೆಲಕ್ಕೆ ಬಿಟ್ಟರೆ
ಇಲ್ಲಿ ‘ಕಂದು ಹಾಕ್ತು’ ಅಂತಾರೆ.
ಕಂದ ಅನ್ನುವ ಮಾತಿಗೂ ಇದಕ್ಕೂ
ಒಂದು ಕೊಂಬಿನಷ್ಟೇ ಅಂತರ.

ಬೀಳಗಿ ದಾಟಿ, ಹಿನ್ನೀರಿನ ಕಡೆ,
ಕಬ್ಬು ಕಡಿದ ಹೊಲದಲ್ಲಿ ದಡ್ಡಿ ಹಾಕಿದ್ದರು.
ರವದಿ ಸುಟ್ಟ ವಾಸನೆ ಇನ್ನೂ ಆರಿರಲಿಲ್ಲ.
ನಾಲ್ಕು ದಿನದಲ್ಲಿ ಒಂಬತ್ತು ಆಡು.
ಲಗಮವ್ವ ಒಂದನ್ನೂ ಸುಮ್ಮನೆ ಬಿಟ್ಟವಳಲ್ಲ:
ಬಳೆ ಮೇಲೆ ಸರಿಸಿ, ಕೈ ಹಾಕಿ ಎಳೆದು,
ಸೆರಗಿನಿಂದ ಮೋರೆ ಒರೆಸಿ,
ಮೂಗಿಗೆ ಬಾಯಿ ಹಚ್ಚಿ ಊದಿದ್ದಳು.
ಊದಿದ್ದು ಒಳಗೆ ಹೋಗಲಿಲ್ಲ.
ಒಳಗಿದ್ದದ್ದು ಹೊರಗೆ ಬಂದದ್ದು
ಆಗ ಯಾರಿಗೂ ಕಾಣಲಿಲ್ಲ.

ನಾನು ಪಶುಸಖಿ.
ಅಂದರೆ ಒಂದು ಕೊಡೆ, ಒಂದು ಐಸ್ ಡಬ್ಬಿ,
ಇಷ್ಟು ಎಂದು ಹೇಳಿ ಅಷ್ಟು ಬಾರದ ಸಂಬಳ.
ನನ್ನ ನಮೂನೆಯಲ್ಲಿ ಹಲ್ಲೆಷ್ಟು, ಬಣ್ಣ ಯಾವುದು,
ಈದದ್ದು ಎಷ್ಟು ಸಲ, ಎಲ್ಲ ಇದೆ.
ಎಳೆದ ಕೈ ಯಾರದು ಎಂಬ ಖಾನೆ ಇಲ್ಲ.

ಬಿಳಿ ಬಿಲ್ಲೆಯ ಮೇಲೆ ರಕ್ತದ ತಿಳಿ ಒಂದು ಹನಿ,
ಅದರ ಮಗ್ಗುಲಿಗೆ ಗುಲಾಬಿ ಹನಿ.
ಕಡ್ಡಿಯಿಂದ ಕಲಸಿ ನಾಲ್ಕು ನಿಮಿಷ
ತೊಟ್ಟಿಲಿನ ಹಾಗೆ ತೂಗಬೇಕು.
ನುಣ್ಣಗೆ ಉಳಿದರೆ ಪಾರು.
ಒಡೆದ ಹಾಲಿನ ಹಾಗೆ ಕಾಳುಕಾಳಾದರೆ...
ಎರಡನೇ ನಿಮಿಷಕ್ಕೇ ಆಯಿತು.
ದನದ ಡಾಕ್ಟರು ಕನ್ನಡಕ ತೆಗೆದು
ಒರೆಸಿ ಮತ್ತೆ ಹಾಕಿಕೊಂಡರು.

ಆ ಹೊತ್ತಿಗೆ ಲಗಮವ್ವನಿಗೆ ಮೂರು ತಿಂಗಳ ಜ್ವರ.
ದೀಪ ಹಚ್ಚುವಾಗ ಬರುತ್ತದೆ,
ನಸುಕಿಗೆ ಕಂಬಳಿ ತೋಯಿಸಿ ಹೋಗುತ್ತದೆ,
ಹಗಲು ನೋಡಿದವರಿಗೆ ಅದು ಸಿಗುವುದಿಲ್ಲ.
ಮಲೇರಿಯಾ ಅಂದರು, ಟೈಫಾಯ್ಡ್ ಅಂದರು,
ಸೊಂಟ ಹಿಡಿದದ್ದು ವಯಸ್ಸಿಗೆ ಅಂದರು.
ವಯಸ್ಸು ಮೂವತ್ತಾರು.
ದಡ್ಡಿ ಹೋದ ಊರಿಗೊಂದು ಸೂಜಿ,
ಮುಧೋಳದಲ್ಲಿ ಯಾರೋ ಕಟ್ಟಿದ ಕರಿದಾರ.

ದನದ ದವಾಖಾನೆ ರಸ್ತೆಯ ಈ ಕಡೆ,
ಮಂದಿ ದವಾಖಾನೆ ಆ ಕಡೆ,
ನಡುವೆ ಒಂದು ಮಿರ್ಚಿ ಗಾಡಿ.
ಮೂವತ್ತು ಹೆಜ್ಜೆ.
ಆ ಮೂವತ್ತು ಹೆಜ್ಜೆ ಇಡುವ ಕೆಲಸ
ಯಾರ ಹುದ್ದೆಯಲ್ಲೂ ಬರೆದಿಲ್ಲ.
ಎಣ್ಣೆ ಸಿಡಿಯುವ ಬಾಣಲೆ ಬಳಸಿ
ನಾನು ಚೀಟಿ ಹಿಡಿದು ಹೋದೆ.

‘ಆಡಿನ ಚೀಟಿ ಇಲ್ಲ್ಯಾಕ ತಂದ್ರಿ?’
‘ಇದು ಆಡಿಂದರೀ ಸಾಹೇಬ್ರ.
ಆಕಿ ಹೊರಗ ಕುಂತಾಳ.’
ಹುಡುಗ ಡಾಕ್ಟರು ಓದಿದರು. ಮತ್ತೆ ಓದಿದರು.
ಪೆನ್ನಿನ ಮುಚ್ಚಳ ತೆಗೆದು ಕೇಳಿದರು,
‘ಹೆಸರು? ಆಡಿಂದಲ್ಲ.’

ಹಾಲುಮತದವರಿಗೆ
ಹಾಲಿನ ಮೇಲೆ ದೂರು ಹೇಳುವುದು ಹೇಗೆ?
ಕರೆಪ್ಪ ನಕ್ಕ: ‘ಮಲಿಯಿಂದ ನೆಟ್ಟಗ ಬಾಯಿಗೆ ಬಿದ್ದ
ನೊರಿಹಾಲಿಗೆ ಬೆಂಕಿ ಯಾಕಬೇ, ತಂಗಿ?’
ನನ್ನಲ್ಲಿದ್ದ ಚಿತ್ರದ ಹಾಳೆ
ಗಾಳಿಗೆ ಪಟಪಟ ಅಂತು, ಮಡಚಿ ಇಟ್ಟೆ.
ಲಗಮವ್ವ ಕೇಳಿದಳು,
‘ಉಕ್ಕೋತನಕ ಕಾಸಬೇಕೇನು?’
‘ಉಕ್ಕೋತನಕ.’
‘ಹೊಸ ಮನಿ ಹೊಕ್ಕಾಗ ಉಕ್ಕಸ್ತಾರಲ್ಲ, ಹಂಗ?’
ಸುತ್ತ ನೋಡಿದಳು:
ಬಲೆ, ಕಂಬಳಿ, ನಾಯಿ, ಕತ್ತೆ, ಮೂರು ಕಲ್ಲು.
‘ದಿನಾ ಒಂದ ಮನಿ ಹೊಕ್ಕಂಗಾತು ಬಿಡು.’

ನಲವತ್ತೆರಡು ದಿನದ ಗುಳಿಗೆ.
ಓದು ಬಾರದ ಆಕೆ ಉಣ್ಣೆಯ ಹುರಿಗೆ
ನಲವತ್ತೆರಡು ಗಂಟು ಹಾಕಿ
ದಿನಕ್ಕೊಂದು ಬಿಚ್ಚುತ್ತಾಳೆ.
ಕರೆಪ್ಪ ಸತ್ತ ಮರಿಯನ್ನು ಈಗ
ನಾಯಿಗೆ ಎಸೆಯುವುದಿಲ್ಲ;
ಮೊಣಕಾಲು ಮುಳುಗುವ ಕುಣಿ ತೋಡಿ
ಮೇಲೆ ಸುಣ್ಣ ಸುರಿಯುತ್ತಾನೆ.
ನಾಯಿ ಸುಣ್ಣ ಮೂಸಿ ಸೀನುತ್ತದೆ,
ನಮ್ಮನ್ನು ನೋಡುತ್ತದೆ.

ಆದರೆ ಒಂಬತ್ತರಲ್ಲಿ ಎರಡು
ನಾನು ಬರುವ ಮೊದಲೇ
ಅಮೀನಗಡದ ಸಂತೆಗೆ ಹೋಗಿದ್ದವು.
ಟವೆಲಿನ ಕೆಳಗೆ ಬೆರಳು ಹಿಡಿದು ಆದ ವ್ಯಾಪಾರ,
ಕೊಂಡವನ ಹೆಸರು ಯಾರೂ ಕೇಳಲಿಲ್ಲ.
ಮತ್ತೆ ಗಬ್ಬಾಗಿರಬೇಕು ಅವು, ಎಲ್ಲೋ.
ಎಲ್ಲೋ ಒಬ್ಬಳು, ಇವತ್ತೋ ನಾಳೆಯೋ,
ಬಳೆ ಮೇಲೆ ಸರಿಸುತ್ತಾಳೆ.